ಒಪ್ಪಂದದ ಹಾಳೆಯಿಂದ ಸಾಕ್ಷಿಕಟ್ಟೆಗೆ

1934ರ ಅಕ್ಟೋಬರ್ 9ರಂದು ಯುಗೊಸ್ಲಾವಿಯಾದ ದೊರೆ ಅಲೆಕ್ಸಾಂಡರ್ ಫ್ರಾನ್ಸಿನ ಮಾರ್ಸೆ ನಗರದಲ್ಲಿ ಕೊಲೆಯಾದ. ಸಂಚಿನ ಮುಂದಾಳುಗಳು ಇಟಲಿಯಲ್ಲಿದ್ದರು. ಅವರನ್ನು ಒಪ್ಪಿಸಿ ಎಂದು ಫ್ರಾನ್ಸ್ ಕೇಳಿದಾಗ, ಇದು ರಾಜಕೀಯ ಅಪರಾಧ ಎಂದು ಇಟಲಿಯ ನ್ಯಾಯಾಲಯ ನಿರಾಕರಿಸಿತು. ಒಂದು ದೇಶದಲ್ಲಿ ಕೊಂದು ಇನ್ನೊಂದು ದೇಶದಲ್ಲಿ ನಿಶ್ಚಿಂತೆಯಿಂದ ಬದುಕುವ ಈ ದಾರಿಯನ್ನು ಮುಚ್ಚಲು ರಾಷ್ಟ್ರಸಂಘ 1937ರಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದ ಸಿದ್ಧಪಡಿಸಿತು. ಅದಕ್ಕೆ ಸಹಿ ಹಾಕಿದ್ದು 24 ದೇಶಗಳು, ಅನುಮೋದಿಸಿದ್ದು ಭಾರತ ಒಂದೇ. ಅದು ಬ್ರಿಟಿಷರ ಭಾರತ, ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟವರನ್ನು ಭಯೋತ್ಪಾದಕರೆಂದು ಕರೆಯುತ್ತಿದ್ದ ಸರ್ಕಾರ. ಯಾರು ಭಯೋತ್ಪಾದಕ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇಂದಿಗೂ ಸಿಗದಿರುವುದಕ್ಕೆ ಇಂಥ ಇತಿಹಾಸವೂ ಕಾರಣ. ಆ ಒಪ್ಪಂದವಂತೂ ಜಾರಿಗೆ ಬರಲೇ ಇಲ್ಲ.

ಎರಡನೇ ಮಹಾಯುದ್ಧದ ನಂತರ ವಿಶ್ವಸಂಸ್ಥೆ ವ್ಯಾಖ್ಯೆಯ ಜಗಳವನ್ನು ಬದಿಗಿಟ್ಟು ಕೃತ್ಯಗಳನ್ನು ಒಂದೊಂದಾಗಿ ಹಿಡಿಯಿತು. 1963ರ ಟೋಕಿಯೊ, 1970ರ ಹೇಗ್, 1971ರ ಮಾಂಟ್ರಿಯಲ್ ಒಪ್ಪಂದಗಳು ವಿಮಾನಗಳ ರಕ್ಷಣೆಗೆ. 1979ರದ್ದು ಒತ್ತೆಯಾಳುಗಳ ಕುರಿತು, 1997ರದ್ದು ಬಾಂಬ್ ದಾಳಿ ಕುರಿತು, 1999ರದ್ದು ಹಣಕಾಸಿನ ಕುರಿತು. ಈಗ ಇಂಥ ದಸ್ತಾವೇಜುಗಳು 19 ಇವೆ. ಇವುಗಳ ಜೀವಾಳ ಒಂದೇ ನಿಯಮ: ಆರೋಪಿಯನ್ನು ಕೇಳಿದ ದೇಶಕ್ಕೆ ಒಪ್ಪಿಸು, ಇಲ್ಲವೇ ನೀನೇ ವಿಚಾರಣೆಗೆ ಒಳಪಡಿಸು.

ಈ ನಿಯಮದ ಬಿರುಕು ಕಂಡದ್ದು ಲಾಕರ್‌ಬಿಯಲ್ಲಿ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಆ ಊರಿನ ಮೇಲೆ ಪ್ಯಾನ್ ಆ್ಯಮ್ ವಿಮಾನ ಸ್ಫೋಟಗೊಂಡು 270 ಜನ ಸತ್ತರು. ಆರೋಪಿಗಳಾದ ನಮ್ಮ ಇಬ್ಬರು ಪ್ರಜೆಗಳನ್ನು ನಾವೇ ವಿಚಾರಿಸುತ್ತೇವೆ, ಮಾಂಟ್ರಿಯಲ್ ಒಪ್ಪಂದ ಆ ಹಕ್ಕು ಕೊಟ್ಟಿದೆ ಎಂದು ಲಿಬಿಯಾ ಪಟ್ಟು ಹಿಡಿಯಿತು. ಕೊನೆಗೆ ನೆದರ್ಲೆಂಡ್ಸ್‌ನ ನೆಲದಲ್ಲಿ ಸ್ಕಾಟಿಷ್ ನ್ಯಾಯಾಧೀಶರು ಸ್ಕಾಟಿಷ್ ಕಾನೂನಿನಂತೆ ವಿಚಾರಣೆ ನಡೆಸಿ 2001ರ ಜನವರಿಯಲ್ಲಿ ಒಬ್ಬನಿಗೆ ಶಿಕ್ಷೆ ವಿಧಿಸಿ, ಮತ್ತೊಬ್ಬನನ್ನು ಬಿಡುಗಡೆ ಮಾಡಿದರು.

ಅದೇ ವರ್ಷ ಸೆಪ್ಟೆಂಬರ್ 11ರ ದಾಳಿ ನಡೆದಾಗ ಹಣಕಾಸು ಒಪ್ಪಂದವನ್ನು ಅನುಮೋದಿಸಿದ್ದವು ಕೇವಲ ನಾಲ್ಕು ದೇಶಗಳು. ಸೆಪ್ಟೆಂಬರ್ 28ರಂದು ಭದ್ರತಾ ಮಂಡಳಿಯ 1373ನೇ ನಿರ್ಣಯ ಬಂತು. ಭಯೋತ್ಪಾದನೆಗೆ ಹಣ ಕೊಡುವುದನ್ನು ಅಪರಾಧವೆಂದು ಸಾರುವುದು, ಆಸ್ತಿ ತಡೆಹಿಡಿಯುವುದು, ಆಶ್ರಯ ನಿರಾಕರಿಸುವುದು ಎಲ್ಲ ದೇಶಗಳಿಗೂ ಕಡ್ಡಾಯವಾಯಿತು. ಆಜ್ಞೆಯೇನೋ ಆಯಿತು, ಪಾಲಿಸುವ ಶಕ್ತಿ ಎಷ್ಟೋ ದೇಶಗಳಲ್ಲಿ ಇರಲಿಲ್ಲ. ಕಾನೂನೇ ಇಲ್ಲದ ಕಡೆ ಪ್ರಾಸಿಕ್ಯೂಟರ್ ಏನು ಮಾಡಬೇಕು? ಹೀಗೆ ನೆರವು ಎಂಬುದೇ ಒಂದು ಕ್ಷೇತ್ರವಾಗಿ ಬೆಳೆಯಿತು. ವಿಯೆನ್ನಾದಲ್ಲಿರುವ ವಿಶ್ವಸಂಸ್ಥೆಯ ಮಾದಕದ್ರವ್ಯ ಮತ್ತು ಅಪರಾಧ ಕಚೇರಿ ಮಸೂದೆ ಬರೆಯಲು, ನ್ಯಾಯಾಧೀಶರಿಗೂ ತನಿಖಾಧಿಕಾರಿಗಳಿಗೂ ತರಬೇತಿ ಕೊಡಲು ಮುಂದಾಯಿತು. ಯಾವ ದೇಶ ಎಲ್ಲಿ ಹಿಂದುಳಿದಿದೆ ಎಂದು ಅಳೆಯಲು 2004ರಲ್ಲಿ ಭದ್ರತಾ ಮಂಡಳಿ ಪ್ರತ್ಯೇಕ ನಿರ್ದೇಶನಾಲಯ ಸ್ಥಾಪಿಸಿತು. 2006ರಲ್ಲಿ ಸಾಮಾನ್ಯ ಸಭೆ ಒಪ್ಪಿದ ಜಾಗತಿಕ ಕಾರ್ಯತಂತ್ರ, ಮಾನವ ಹಕ್ಕು ಮತ್ತು ಕಾನೂನಿನ ಆಳ್ವಿಕೆಯನ್ನು ತನ್ನ ನಾಲ್ಕು ಕಂಬಗಳಲ್ಲಿ ಒಂದಾಗಿ ನಿಲ್ಲಿಸಿತು.

ಆ ಕಂಬ ಏಕೆ ಬೇಕು ಎಂಬುದಕ್ಕೆ ಕನ್ನಡನಾಡಿಗೆ ತಾಗಿದ ನಿದರ್ಶನವೇ ಇದೆ. 2007ರ ಜೂನ್‌ನಲ್ಲಿ ಗ್ಲಾಸ್ಗೊ ವಿಮಾನ ನಿಲ್ದಾಣದ ಮೇಲೆ ದಾಳಿಯಾದ ಬೆನ್ನಿಗೇ ಬ್ರಿಟನ್ನಿನಿಂದ ಬಂದ ಮಾಹಿತಿ ಆಧರಿಸಿ, ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ಕರ್ನಾಟಕದ ಯುವ ವೈದ್ಯರೊಬ್ಬರನ್ನು ಬಂಧಿಸಲಾಯಿತು. ಹನ್ನೆರಡು ದಿನ ಆರೋಪವನ್ನೇ ಹೊರಿಸದೆ ಇಟ್ಟುಕೊಂಡರು. ಅವರು ಬಂಧುವಿಗೆ ಬಿಟ್ಟುಬಂದಿದ್ದ ಸಿಮ್ ಕಾರ್ಡ್ ದಾಳಿಯ ವಾಹನದಲ್ಲಿ ಸಿಕ್ಕಿತು ಎಂದು ನ್ಯಾಯಾಲಯಕ್ಕೆ ಹೇಳಲಾಯಿತು. ಅದು ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ! ಜುಲೈ ಮುಗಿಯುವ ಮೊದಲೇ ಪ್ರಕರಣ ಕುಸಿಯಿತು. ಅವರ ವಿರುದ್ಧ ಸಾಕ್ಷ್ಯವಿರಲಿಲ್ಲ ಎಂದು ಅಧಿಕೃತ ವಿಚಾರಣಾ ವರದಿಯೇ ಮರುವರ್ಷ ಹೇಳಿತು. ದೇಶದಿಂದ ದೇಶಕ್ಕೆ ಮಾಹಿತಿ ವೇಗವಾಗಿ ಹರಿದರೆ ಸಾಲದು, ಅದನ್ನು ಪರೀಕ್ಷಿಸುವ ವ್ಯವಧಾನವೂ ಜೊತೆಗಿರಬೇಕು.

ಸಹಕಾರ ಸರಿಯಾಗಿ ನಡೆದರೆ ಏನಾಗುತ್ತದೆ, ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದೆರಡನ್ನೂ 2008ರ ಮುಂಬೈ ದಾಳಿಯ ಪ್ರಕರಣ ತೋರಿಸುತ್ತದೆ. ಸೆರೆಸಿಕ್ಕ ದಾಳಿಕೋರ ಕಸಬ್‌ನ ವಿಚಾರಣೆಯಲ್ಲಿ ಅಮೆರಿಕದ ಎಫ್‌ಬಿಐ ಅಧಿಕಾರಿಗಳು ಸಾಕ್ಷಿ ನುಡಿದರು. ದಾಳಿಯ ಸಂಚಿನಲ್ಲಿ ಪಾಲ್ಗೊಂಡಿದ್ದಕ್ಕೆ ಅಮೆರಿಕದಲ್ಲಿ 35 ವರ್ಷ ಶಿಕ್ಷೆಗೊಳಗಾದ ಡೇವಿಡ್ ಹೆಡ್ಲಿ 2016ರಲ್ಲಿ ವಿಡಿಯೊ ಮೂಲಕ ಮುಂಬೈ ನ್ಯಾಯಾಲಯದ ಮುಂದೆ ಹೇಳಿಕೆ ಕೊಟ್ಟ. ಅದೇ ಸಂಚಿನ ಆರೋಪಿ ತಹಾವುರ್ ರಾಣಾ ಭಾರತಕ್ಕೆ ಹಸ್ತಾಂತರವಾಗಲು ಮಾತ್ರ 2025ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಪಾಕಿಸ್ತಾನದಲ್ಲಿ 2009ರಲ್ಲಿ ಶುರುವಾದ ಮೊಕದ್ದಮೆ ತೀರ್ಪಿಗೆ ಬರಲೇ ಇಲ್ಲ. ಹಣಕಾಸು ಕ್ರಿಯಾಪಡೆ ಎಫ್‌ಎಟಿಎಫ್ 2018ರಲ್ಲಿ ಆ ದೇಶವನ್ನು ಬೂದುಪಟ್ಟಿಗೆ ಸೇರಿಸಿದ ಮೇಲೆ, 2020ರಲ್ಲಿ, ದಾಳಿಯ ಸೂತ್ರಧಾರನೆಂದು ಭಾರತ ಹೇಳುವ ಹಫೀಜ್ ಸಯೀದ್‌ಗೆ ಶಿಕ್ಷೆಯಾಯಿತು. ಅದೂ ಹಣ ಒದಗಿಸಿದ್ದಕ್ಕೆ, 166 ಜನರ ಕೊಲೆಗಲ್ಲ. ಒಪ್ಪಂದಗಳು ಮಾಡಿಸಲಾಗದ್ದನ್ನು ಬೂದುಪಟ್ಟಿಯಿಂದ ಸಾಲ ಸಿಗದೇಹೋದೀತೆಂಬ ಭಯ ಅಷ್ಟರಮಟ್ಟಿಗೆ ಮಾಡಿಸಿತು.

ಬಡ ದೇಶಗಳ ಕಷ್ಟ ಇನ್ನೊಂದು ಬಗೆಯದು. ಬೊಕೊ ಹರಾಂ ಉಗ್ರ ಸಂಘಟನೆಯ ಶಂಕಿತರೆಂದು ನೈಜೀರಿಯಾದ ಸೇನೆ ಸಾವಿರಾರು ಜನರನ್ನು ಹಿಡಿದು ವರ್ಷಗಟ್ಟಲೆ ಬಂಧನದಲ್ಲಿಟ್ಟಿತು. ಯುದ್ಧಭೂಮಿಯಲ್ಲಿ ಸಿಕ್ಕವನ ಮೇಲೆ ಸಾಕ್ಷ್ಯ ಸಂಗ್ರಹಿಸುವುದು ಸೈನಿಕನಿಗೆ ಗೊತ್ತಿರಲಿಲ್ಲ, ತಪ್ಪೊಪ್ಪಿಗೆಯೇ ಆಧಾರ. 2017ರಲ್ಲಿ ಕೈಂಜಿಯಲ್ಲಿ ಸಾಮೂಹಿಕ ವಿಚಾರಣೆ ಶುರುವಾದಾಗ ಮೊದಲ ಸುತ್ತಿನಲ್ಲಿ ಶಿಕ್ಷೆಯಾದದ್ದು 45 ಮಂದಿಗೆ, ಬಿಡುಗಡೆಯಾಗಿ ಪುನರ್ವಸತಿಗೆ ಹೋದವರು 468. ಬಿಡುಗಡೆಯಾದವರ ಕಳೆದುಹೋದ ವರ್ಷಗಳಿಗೆ ಯಾರು ಹೊಣೆ? ನಿಜವಾಗಿ ಕೊಂದವರು ಸಾಕ್ಷ್ಯವಿಲ್ಲದೆ ತಪ್ಪಿಸಿಕೊಂಡಿದ್ದರೆ ಸಂತ್ರಸ್ತರಿಗೆ ಯಾರು ಉತ್ತರಿಸಬೇಕು? ಯುರೋಪಿಯನ್ ಒಕ್ಕೂಟದ ಹಣದಲ್ಲಿ ವಿಶ್ವಸಂಸ್ಥೆ ಅಲ್ಲಿ ನಡೆಸಿದ ತರಬೇತಿಯ ಬೆಲೆ ಇಲ್ಲಿ ತಿಳಿಯುತ್ತದೆ. ಸೈನಿಕರು ಸಂಗ್ರಹಿಸಿದ ವಸ್ತು ನ್ಯಾಯಾಲಯದಲ್ಲಿ ನಿಲ್ಲುವಂತೆ ಮಾಡುವ ಮಾರ್ಗಸೂಚಿಗಳು 2019ರಲ್ಲಿ ಸಿದ್ಧವಾದವು.

ನೆರವು ಕೊಡುವವರ ಸಾಲಿನಲ್ಲಿ ಇಂದು ಭಾರತವೂ ಇದೆ. 2022ರ ಅಕ್ಟೋಬರ್‌ನಲ್ಲಿ ಭದ್ರತಾ ಮಂಡಳಿಯ ಭಯೋತ್ಪಾದನೆ ನಿಗ್ರಹ ಸಮಿತಿ ಮುಂಬೈ, ದೆಹಲಿಗಳಲ್ಲಿ ಸಭೆ ಸೇರಿ ಡ್ರೋನ್, ಸಾಮಾಜಿಕ ಜಾಲತಾಣ, ಹೊಸ ಪಾವತಿ ವಿಧಾನಗಳ ದುರ್ಬಳಕೆಯನ್ನು ಚರ್ಚಿಸಿತು. ಆದರೆ ಭಾರತವೇ 1996ರಲ್ಲಿ ಮುಂದಿಟ್ಟ ಸಮಗ್ರ ಒಪ್ಪಂದದ ಕರಡು ವ್ಯಾಖ್ಯೆಯ ಕಗ್ಗಂಟಿನಲ್ಲೇ ಸಿಲುಕಿದೆ. 2024ರಲ್ಲಿ ಭಾರತವನ್ನು ಪರಿಶೀಲಿಸಿದ ಎಫ್‌ಎಟಿಎಫ್, ಒಟ್ಟಾರೆ ಮೆಚ್ಚಿಕೊಂಡರೂ, ಭಯೋತ್ಪಾದನೆ ಹಣಕಾಸಿನ ಮೊಕದ್ದಮೆಗಳು ತೀರ್ಪು ಕಾಣಲು ಆಗುತ್ತಿರುವ ವಿಳಂಬದತ್ತ ಬೊಟ್ಟುಮಾಡಿತು. ಆ ವಿಳಂಬಕ್ಕೆ ವಿಯೆನ್ನಾದಿಂದಲೋ ನ್ಯೂಯಾರ್ಕಿನಿಂದಲೋ ಮದ್ದು ಬರುವುದಿಲ್ಲ. ಅದಕ್ಕೆ ಬೇಕಾದದ್ದು ನಮ್ಮಲ್ಲೇ ಇನ್ನಷ್ಟು ವಿಶೇಷ ನ್ಯಾಯಾಲಯಗಳು, ಬೇರೆ ಹೊರೆಯಿಲ್ಲದ ನ್ಯಾಯಾಧೀಶರು.