ಹಳೆಯ ಮೈಸೂರಿನ ಕಸಬೆ ಶಾಲೆ: ಒಂದು ವರ್ಷದ ಪಾಠ, ಹಬ್ಬ, ಹಾಜರಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ತಾಲ್ಲೂಕು ಕಸಬೆಗಳ ಮಕ್ಕಳು ಎರಡು ಪಂಚಾಂಗಗಳ ನಡುವೆ ಓದು ಕಲಿಯುತ್ತಿದ್ದರು. ಒಂದು ತಿಥಿ, ಹಬ್ಬ, ಸುಗ್ಗಿಗಳ ಪಂಚಾಂಗ. ಇನ್ನೊಂದು ವಿದ್ಯಾ ಇಲಾಖೆಯದು. ಮಕ್ಕಳನ್ನು ಶಾಲೆಗೆ ಕಳುಹಿಸುವುದು ಕಡ್ಡಾಯವೆಂದು ಸರ್ಕಾರ 1913ರಲ್ಲಿ ಶಾಸನ ಮಾಡಿದಾಗ ಈ ಎರಡರ ನಡುವಿನ ಅಂತರ ಎದ್ದು ಕಂಡಿತು. ಶಾಲೆಯ ಒಂದು ವರ್ಷ ಹೇಗೆ ಸಾಗುತ್ತಿತ್ತು, ಆ ವರ್ಷದ ಲೆಕ್ಕಕ್ಕೆ ಯಾರು ಸೇರುತ್ತಿರಲಿಲ್ಲ ಎಂಬುದರ ಸಂಕ್ಷಿಪ್ತ ಪರಿಚಯ ಇಲ್ಲಿದೆ.

ಕೂಲಿಮಠದ ಹಿನ್ನೆಲೆ

ಸರ್ಕಾರಿ ಶಾಲೆಗಳಿಗೂ ಮುನ್ನ ಊರಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದುದು ಕೂಲಿಮಠ. ಪೋಷಕರು ಕೊಡುವ ಹಣ, ಧಾನ್ಯಗಳೇ ಉಪಾಧ್ಯಾಯರ ಜೀವನಾಧಾರವಾಗಿದ್ದುದರಿಂದ ಈ ಹೆಸರು. ಕೆಲವೆಡೆ ಇದಕ್ಕೆ ಐಗಳ ಮಠವೆಂಬ ಹೆಸರೂ ಇತ್ತು. ದೇವಸ್ಥಾನದ ಪ್ರಾಂಗಣ ಅಥವಾ ಯಾರದೋ ಮನೆಯ ಜಗಲಿಯೇ ಪಾಠಶಾಲೆ. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ಅನಂತರ ಹಲಗೆ, ಬಳಪ. ಇದ್ದಿಲು ಮತ್ತು ಹುಣಿಸೆಬೀಜದ ಅಂಟು ಬಳಿದ ಬಟ್ಟೆಯ ಮಡಿಕೆಗಳಾದ 'ಕಡತ'ವೂ ಬಳಕೆಯಲ್ಲಿತ್ತು.

ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಸಲ್ಲಿಸಿದ ವರದಿ ಇಂತಹ ಶಾಲೆಗಳ ದಿನಚರಿಯನ್ನು ವಿವರಿಸುತ್ತದೆ. ಆ ಜಿಲ್ಲೆಯಲ್ಲಿ ಅಂದು 533 ಶಾಲೆಗಳಿದ್ದವು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರನ್ನು ಬರೆಯಲಾಗುತ್ತಿತ್ತು, ಎರಡನೆಯವನಿಗೆ ಸೊನ್ನೆ, ಅನಂತರ ಬಂದವರಿಗೆ ಕ್ರಮವಾಗಿ ಹೆಚ್ಚುವ ಏಟು. ಬೆತ್ತ, ಬಸ್ಕಿ, ಕೋದಂಡದ ಶಿಕ್ಷೆಗಳು ಹಳೆಯ ತಲೆಮಾರಿನ ಬಾಲ್ಯದ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಮೈಸೂರಿನಲ್ಲಿ ಬಿ.ಎಲ್. ರೈಸ್ ಅವರು 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯು ಸರ್ಕಾರಿ ಶಿಕ್ಷಣವನ್ನು ಗ್ರಾಮಾಂತರಕ್ಕೆ ಕೊಂಡೊಯ್ದಿತು. ಆದರೂ ಇಪ್ಪತ್ತನೆಯ ಶತಮಾನ ಆರಂಭವಾದಾಗ ಅನೇಕ ಊರುಗಳಲ್ಲಿ ಕೂಲಿಮಠ ಮತ್ತು ಸರ್ಕಾರಿ ಶಾಲೆ ಜೊತೆಜೊತೆಯಾಗಿಯೇ ಇದ್ದವು.

ನಿತ್ಯದ ಪಾಠ

ಸರ್ಕಾರಿ ಶಾಲೆಯಲ್ಲಿ ಬಾಲಬೋಧೆಯಿಂದ ಮೊದಲಾಗಿ ಒಂದನೆಯ ಪುಸ್ತಕ, ಎರಡನೆಯ ಪುಸ್ತಕ ಎಂದು ಓದು ಮುಂದುವರಿಯುತ್ತಿತ್ತು. ಉಕ್ತಲೇಖನ, ಕಾಪಿ ಬರಹ, ಪದ್ಯಗಳ ಕಂಠಪಾಠ, ಬಾಯಿಲೆಕ್ಕ, ಭೂಗೋಳ ಇತರ ಪಾಠಗಳು. ಬಸಪ್ಪ ಶಾಸ್ತ್ರಿಗಳು ರಚಿಸಿದ 'ಕಾಯೌ ಶ್ರೀಗೌರಿ' ಸಂಸ್ಥಾನದ ನಾಡಗೀತೆಯಾಗಿದ್ದು, ಶಾಲೆಗಳ ಮಕ್ಕಳೂ ಅದನ್ನು ಹಾಡುತ್ತಿದ್ದರು.

ಸಂಜೆಯ ವೇಳೆಗೆ ಇಡೀ ತರಗತಿ ಒಕ್ಕೊರಲಿನಿಂದ ಮಗ್ಗಿ ಹೇಳುವುದು ರೂಢಿ. ಕಾಲು, ಅರೆ, ಮುಕ್ಕಾಲು, ಒಂದೂಕಾಲರ ಮಗ್ಗಿಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದುದಕ್ಕೆ ವ್ಯಾವಹಾರಿಕ ಕಾರಣವಿತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಧಾನ್ಯದ ಅಳತೆಯಲ್ಲಿ 20 ಕೊಳಗಕ್ಕೆ ಒಂದು ಖಂಡುಗ. ಸಂತೆಯಲ್ಲಿ ಮೋಸ ಹೋಗದಿರಲು ಈ ಭಿನ್ನರಾಶಿಗಳು ನಾಲಗೆಯ ತುದಿಯಲ್ಲಿರಬೇಕಿತ್ತು. ಶಾಲೆಯಿಂದ ರೈತರೂ ವರ್ತಕರೂ ಬಯಸುತ್ತಿದ್ದುದು ಮುಖ್ಯವಾಗಿ ಇದನ್ನೇ.

ರಜೆಯ ವಿಷಯದಲ್ಲೂ ಎರಡು ಪದ್ಧತಿಗಳಿದ್ದವು. ಕೂಲಿಮಠಕ್ಕೆ ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯ ಮೊದಲಾದ ತಿಥಿಗಳು ಅನಧ್ಯಯನದ ದಿನಗಳು. ಸರ್ಕಾರಿ ಶಾಲೆಗೆ ಭಾನುವಾರ.

ಮಹಾನವಮಿಯ ಮೆರವಣಿಗೆ

ವರ್ಷದ ಅತ್ಯಂತ ಸಂಭ್ರಮದ ಕಾಲ ಆಶ್ವಯುಜ ಮಾಸದ ನವರಾತ್ರಿ. ಸರಸ್ವತಿ ಪೂಜೆಯಂದು ಪುಸ್ತಕ, ಹಲಗೆಗಳನ್ನು ಪೂಜೆಗಿಟ್ಟು ಓದನ್ನು ನಿಲ್ಲಿಸಲಾಗುತ್ತಿತ್ತು. ವಿಜಯದಶಮಿ ಹೊಸ ಮಕ್ಕಳ ಅಕ್ಷರಾಭ್ಯಾಸಕ್ಕೆ ಪ್ರಶಸ್ತವಾದ ದಿನ. ಇಲಾಖೆಯ ಶಾಲಾವರ್ಷ ಯಾವಾಗ ಆರಂಭವಾದರೂ, ಎಷ್ಟೋ ಮನೆಗಳ ಪಾಲಿಗೆ ಮಗುವಿನ ವಿದ್ಯಾರಂಭ ಅಂದೇ.

ಕೂಲಿಮಠದ ಹುಡುಗರು ಹೊಸ ಬಟ್ಟೆ ತೊಟ್ಟು, ಬಣ್ಣದ ಬಿಲ್ಲು ಬಾಣ ಅಥವಾ ಕೋಲುಗಳನ್ನು ಹಿಡಿದು, ಉಪಾಧ್ಯಾಯರ ಹಿಂದೆ ಮನೆಯಿಂದ ಮನೆಗೆ ಚೌಪದಗಳನ್ನು ಹಾಡುತ್ತ ಹೋಗುತ್ತಿದ್ದರು. ಮನೆಯವರು ಮಕ್ಕಳಿಗೆ ತಿಂಡಿಯನ್ನೂ ಅಯ್ಯನವರಿಗೆ ಕಾಣಿಕೆಯನ್ನೂ ಕೊಡುತ್ತಿದ್ದರು. ನೋಡುವವರಿಗೆ ಇದು ಹಬ್ಬದ ಆಟ. ಉಪಾಧ್ಯಾಯರಿಗೆ ವರ್ಷದ ಮುಖ್ಯ ವರಮಾನಗಳಲ್ಲೊಂದು. ಸರ್ಕಾರ ಸಂಬಳ ಕೊಡುವ ಮೇಷ್ಟ್ರು ಬಂದ ಮೇಲೆ ಈ ಕಾಣಿಕೆಯ ಅಗತ್ಯ ತಪ್ಪಿತು. ಮೆರವಣಿಗೆಯೂ ಕ್ರಮೇಣ ಮರೆಯಾಯಿತು.

ಸುಗ್ಗಿ, ಪ್ಲೇಗು, ಖಾಲಿ ಹಲಗೆಗಳು

ದೀಪಾವಳಿ ಕಳೆದೊಡನೆ ರಾಗಿಯ ಕೊಯ್ಲು, ಅದರ ಹಿಂದೆಯೇ ಕಣದ ಕೆಲಸ. ದನ ಕಾಯಲು, ಕೂಸುಗಳನ್ನು ನೋಡಿಕೊಳ್ಳಲು, ಹೊಲಕ್ಕೆ ಬುತ್ತಿ ಒಯ್ಯಲು ಮಕ್ಕಳು ಬೇಕು. ಸಂಕ್ರಾಂತಿಯವರೆಗೂ ರೈತರ ಮಕ್ಕಳ ಹಾಜರಿ ಕುಸಿಯುತ್ತಿದ್ದುದು ಸಹಜವಾಗಿತ್ತು.

ಇದರೊಂದಿಗೆ ಸೇರಿಕೊಂಡದ್ದು ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಈ ರೋಗ ಮುಂದಿನ ಎರಡು ದಶಕಗಳಲ್ಲಿ ಸಂಸ್ಥಾನದ ಪಟ್ಟಣಗಳನ್ನು ಮರಳಿ ಮರಳಿ ಕಾಡಿತು. 'ಇಲಿ ಬಿತ್ತು' ಎಂಬ ಸುದ್ದಿ ಹಬ್ಬಿದೊಡನೆ ಜನ ಮನೆಗಳಿಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹೂಡುತ್ತಿದ್ದರು. ಶಾಲೆ ಮುಚ್ಚುತ್ತಿತ್ತು. 1918ರ ಇನ್‌ಫ್ಲುಯೆಂಜಾ ಪಿಡುಗು ಮತ್ತೊಂದು ಆಘಾತ. ಅಂತಹ ಬಿಡುವುಗಳ ಬಳಿಕ ಶಾಲೆ ತೆರೆದಾಗ ಕೆಲವು ಹಲಗೆಗಳ ಒಡೆಯರು ಹಿಂದಿರುಗುತ್ತಿರಲಿಲ್ಲ.

ಇನ್‌ಸ್ಪೆಕ್ಟರ ಭೇಟಿ

ಇಲಾಖೆಯ ಪಂಚಾಂಗದಲ್ಲಿ ಮಹಾನವಮಿಗೆ ಸಮನಾದ ದಿನವೆಂದರೆ ಇನ್‌ಸ್ಪೆಕ್ಟರು ಬರುವ ದಿನ. ಮೊದಲೇ ಸುದ್ದಿ ತಿಳಿದರೆ ನೆಲ ಸಾರಿಸಿ, ಮಾವಿನ ತೋರಣ ಕಟ್ಟಿ, ಮಕ್ಕಳಿಗೆ ತೊಳೆದ ಬಟ್ಟೆಯಲ್ಲಿ ಬರುವಂತೆ ಹೇಳಲಾಗುತ್ತಿತ್ತು. ಇನ್‌ಸ್ಪೆಕ್ಟರು ಓದಿಸಿ, ಬರೆಯಿಸಿ, ಬಾಯಿಲೆಕ್ಕ ಕೇಳಿ, ಹಾಜರಿ ಪುಸ್ತಕವನ್ನು ಪರಿಶೀಲಿಸಿ ತಮ್ಮ ಷರಾ ಬರೆದು ಹೋಗುತ್ತಿದ್ದರು. ಅನುದಾನಿತ ಶಾಲೆಗೆ ಸಿಗುವ ಹಣ, ಮೇಷ್ಟ್ರ ಬಡ್ತಿ, ವರ್ಗಾವಣೆಗಳೆಲ್ಲ ಆ ಕೆಲವು ಸಾಲುಗಳನ್ನು ಅವಲಂಬಿಸಿದ್ದವು.

ಎಲ್ಲ ಇನ್‌ಸ್ಪೆಕ್ಟರುಗಳೂ ಭಯ ಹುಟ್ಟಿಸುವವರಾಗಿರಲಿಲ್ಲ. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಶಾಲಾ ತನಿಖಾಧಿಕಾರಿಯಾಗಿದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಹಾಡು, ಕಥೆಗಳನ್ನು ಬರೆದರು. ಕಂಠಪಾಠದ ಭಾರದಲ್ಲಿ ನಲುಗುತ್ತಿದ್ದ ಕನ್ನಡ ಪಠ್ಯಕ್ಕೆ ಮಕ್ಕಳ ಮಾತಿನ ಲಯ ಬಂದುದರಲ್ಲಿ ಅವರ ಪಾಲು ದೊಡ್ಡದು.

ಬೇಸಿಗೆ ಬಂದೊಡನೆ ಪರೀಕ್ಷೆಯ ಚಿಂತೆ. ಮೇಲಕ್ಕೆ ಹೋಗಬಯಸುವ ಕೆಲವರಿಗೆ ಮೈಸೂರಿನಲ್ಲಿ ಲೋಯರ್ ಸೆಕೆಂಡರಿ, ಮುಂಬಯಿ ಪ್ರಾಂತದ ಧಾರವಾಡ ಸೀಮೆಯಲ್ಲಿ ಮುಲ್ಕಿ ಪರೀಕ್ಷೆಯೇ ಗುರಿ. ಮುಲ್ಕಿ ಪಾಸಾದವನಿಗೆ ಮಾಸ್ತರಿಕೆಯ ದಾರಿ ತೆರೆಯುತ್ತಿತ್ತು. ಹೆಚ್ಚಿನವರ ಓದು ಅಷ್ಟು ದೂರ ಸಾಗುತ್ತಲೇ ಇರಲಿಲ್ಲ.

1913ರ ಶಾಸನ

1911ರ ಜನಗಣತಿಯ ಪ್ರಕಾರ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ. ಬರೋಡ ಸಂಸ್ಥಾನ 1906ರಲ್ಲೇ ಕಡ್ಡಾಯ ಶಿಕ್ಷಣ ಜಾರಿಗೊಳಿಸಿತ್ತು. ಬ್ರಿಟಿಷ್ ಇಂಡಿಯಾಕ್ಕಾಗಿ ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಮಂಡಿಸಿದ ಮಸೂದೆ ಮರುವರ್ಷ ಬಿದ್ದುಹೋಯಿತು. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಅವಧಿಯಲ್ಲಿ (1912–1918) ಮೈಸೂರು ತನ್ನದೇ ಶಾಸನವನ್ನು ತಂದಿತು.

ಶಾಸನ ಅನ್ವಯಿಸಿದ್ದು ಆಯ್ದ ಕೇಂದ್ರಗಳಿಗೆ, 7ರಿಂದ 11 ವರ್ಷದ ಗಂಡುಮಕ್ಕಳಿಗೆ. ಕಳುಹಿಸದ ಪೋಷಕರಿಗೆ ದಂಡ ವಿಧಿಸಲು ಅವಕಾಶವಿತ್ತು. ಆದರೆ ಸುಗ್ಗಿಯಲ್ಲಿ ಮಗನನ್ನು ಹೊಲಕ್ಕೆ ಕರೆದೊಯ್ದ ಬಡ ರೈತನಿಂದ ದಂಡ ವಸೂಲು ಮಾಡುವುದು ಸುಲಭವಾಗಿರಲಿಲ್ಲ. ಶಾಲೆಗಳ ಸಂಖ್ಯೆ ಆ ಅವಧಿಯಲ್ಲಿ ಎರಡು ಪಟ್ಟು ಮೀರಿ ಬೆಳೆಯಿತು, ದಾಖಲಾತಿ ಏರಿತು. ದಾಖಲಾದವರು ದಿನವೂ ಬರುವಂತೆ ಮಾಡುವುದು ಮಾತ್ರ ಕಾನೂನೊಂದರಿಂದಲೇ ಆಗುವ ಕೆಲಸವಾಗಿರಲಿಲ್ಲ.

ಲೆಕ್ಕಕ್ಕೆ ಸೇರದವರು

ಹೆಣ್ಣುಮಕ್ಕಳು ಈ ಕಡ್ಡಾಯದ ವ್ಯಾಪ್ತಿಯಲ್ಲಿರಲಿಲ್ಲ. ಮೈಸೂರು ನಗರದಲ್ಲಿ ಮಹಾರಾಣಿ ಬಾಲಿಕಾ ಶಾಲೆ 1881ರಲ್ಲೇ ಆರಂಭವಾಗಿತ್ತಾದರೂ ಕಸಬೆಗಳಲ್ಲಿ ಉಪಾಧ್ಯಾಯಿನಿಯರ ಕೊರತೆ ತೀವ್ರವಾಗಿತ್ತು. ಸಂಸ್ಥಾನದ 1894ರ ಬಾಲ್ಯವಿವಾಹ ನಿರ್ಬಂಧ ಶಾಸನ ನಿಷೇಧಿಸಿದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು. ಎಂಟು ತುಂಬಿದ ಹುಡುಗಿಯ ಮದುವೆಗೆ ಅದು ಅಡ್ಡಿಯಾಗಿರಲಿಲ್ಲ. ಮದುವೆ ನಿಶ್ಚಯವಾದ ದಿನ ಅವಳ ಓದು ಮುಗಿಯುತ್ತಿತ್ತು.

ಅಸ್ಪೃಶ್ಯರೆನಿಸಿದ್ದ ಸಮುದಾಯಗಳ ಮಕ್ಕಳಿಗಾಗಿ ಸರ್ಕಾರ ಪ್ರತ್ಯೇಕ 'ಪಂಚಮ ಶಾಲೆ'ಗಳನ್ನು ನಡೆಸುತ್ತಿತ್ತು. ಸಾಮಾನ್ಯ ಶಾಲೆಗಳಲ್ಲಿ ಅವರಿಗೂ ಪ್ರವೇಶ ಕೊಡಬೇಕೆಂಬ ನೀತಿಯತ್ತ 1910ರ ದಶಕದಲ್ಲಿ ಸರ್ಕಾರ ಹೆಜ್ಜೆಯಿಟ್ಟಾಗ ಹಲವೆಡೆ ಮೇಲ್ಜಾತಿಗಳಿಂದ ಪ್ರತಿರೋಧ ಎದುರಾಯಿತು. ಜಗಲಿಯ ಮೇಲಿನ ಚಾಪೆ ಎಲ್ಲರಿಗೂ ಸೇರಿದ್ದೆಂದು ಆದೇಶ ಹೇಳಬಹುದಾಗಿತ್ತು. ಊರು ಅದನ್ನು ಒಪ್ಪಲು ದಶಕಗಳೇ ಬೇಕಾದವು.

6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಹಕ್ಕಾಗಿಸಿದ ಕೇಂದ್ರ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು, ಮೈಸೂರಿನ ಶಾಸನಕ್ಕೆ ನೂರು ವರ್ಷ ತುಂಬಲು ಮೂರು ವರ್ಷ ಉಳಿದಿದ್ದಾಗ. 1913ರಲ್ಲಿ ಕಡ್ಡಾಯದ ಹೊಣೆ ಪೋಷಕರ ಮೇಲಿತ್ತು. 2010ರಲ್ಲಿ ಅದು ಸರ್ಕಾರದ ಮೇಲೆ ಬಿತ್ತು. ಕಸಬೆ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಾದವರ ಗುರುತಾದರೂ ಇರುತ್ತಿತ್ತು. ಹೆಸರೇ ದಾಖಲಾಗದ ಮಕ್ಕಳ ಸಾಲುಗಳು ಆ ಪುಸ್ತಕದಲ್ಲಿ ಇರಲೇ ಇಲ್ಲ.