ಕೋಲಾರದ ಹಾಲಿನ ಕಥೆ ಶುರುವಾಗೋದು ಕರುವಿನಿಂದ

(1/5)
ಚಿನ್ನ, ರೇಷ್ಮೆ, ಹಾಲು. ನಮ್ಮ ಜಿಲ್ಲೆ ಅಂದ್ರೆ ಈ ಮೂರೇ ಹೆಸರು, ಅಲ್ವಾ? ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹಾಲಿನ ಕ್ಯಾನ್ ಮಾತ್ರ ಇವತ್ತಿಗೂ ದಿನಕ್ಕೆ ಎರಡು ಸಲ ತುಂಬ್ತಿದೆ. ವರ್ಷಪೂರ್ತಿ ಹರಿಯೋ ನದಿ ಇಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಮತ್ತೆ ಹೇಗೆ? ಉತ್ತರ ಬರೀ ಮೇವಿನಲ್ಲಿಲ್ಲ, ಕರುವಿನಲ್ಲಿದೆ.

(2/5)
ಹಿಂದೆ ನಮ್ಮ ಕಡೆ ಹಸು ಸಾಕ್ತಿದ್ದದ್ದೇ ಎತ್ತಿಗಾಗಿ. ಹಳ್ಳಿಕಾರ್ ಹಸು ದಿನಕ್ಕೆ ಒಂದೆರಡು ಲೀಟರ್ ಕೊಟ್ರೆ ಹೆಚ್ಚು. ಮೊದಲ ಕರು ಹಾಕೋಕೆ ಸುಮಾರು ನಾಲ್ಕು ವರ್ಷ ಕಾಯಬೇಕು. ಆದರೆ ಗಂಡು ಕರು ಹುಟ್ಟಿದ್ರೆ ಮನೆಗೆ ಆಸ್ತಿ ಬಂದ ಹಾಗೆ: ಉಳುಮೆ, ಗಾಡಿ, ಜಾತ್ರೆಯಲ್ಲಿ ಒಳ್ಳೇ ಬೆಲೆ. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ಎತ್ತು ಮುಖ್ಯ ಉತ್ಪನ್ನ, ಹಾಲು ಉಪ ಉತ್ಪನ್ನ.

(3/5)
ಈ ಲೆಕ್ಕ ತಿರುಗಿದ್ದು ಕೃತಕ ಗರ್ಭಧಾರಣೆಯಿಂದ. ಭಾರತದಲ್ಲಿ ಅದು ಮೊದಲು ನಡೆದದ್ದು ಎಲ್ಲಿ ಗೊತ್ತಾ? 1939ರಲ್ಲಿ, ಮೈಸೂರು ಅರಮನೆಯ ಡೇರಿ ಫಾರ್ಮಿನಲ್ಲಿ, ಸಂಪತ್ ಕುಮಾರನ್ ಅವರಿಂದ. 1969ರಲ್ಲಿ ಡೆನ್ಮಾರ್ಕ್ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರ ಬಂತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ರೆ ವೀರ್ಯ ವರ್ಷಗಟ್ಟಲೆ ಕೆಡಲ್ಲ. ಊರಿಗೆ ಹೋರಿ ಬರಬೇಕಿಲ್ಲ, ಒಂದು ಕ್ಯಾನ್ ಬಂದ್ರೆ ಸಾಕು!

ಸೀಮೆಹಸು ಅಂದ್ರೆ ನಮ್ಮ ಹಿರಿಯರು ನೆನೆಯೋದು ಕೇಂದ್ರದಲ್ಲಿ ಕೃಷಿ ಉಪಮಂತ್ರಿಯಾಗಿದ್ದ ಎಂ.ವಿ. ಕೃಷ್ಣಪ್ಪ ಅವರನ್ನ. 1974ರ ನಂತರ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹಳ್ಳಿಗಳಿಗೆ ಹಾಲಿನ ಸಂಘಗಳು ಬಂದವು. 1987ರಲ್ಲಿ ಕೋಲಾರ ಒಕ್ಕೂಟ ಬೆಂಗಳೂರಿನಿಂದ ಬೇರೆಯಾಯ್ತು.

(4/5)
ಸೀಮೆಹಸು ದಿನಕ್ಕೆ ಹತ್ತು ಲೀಟರ್ ಕೊಡಬಹುದು. ಆದ್ರೆ ಅದರ ಲಾಭ ನಿಂತಿರೋದು ಕ್ಯಾಲೆಂಡರ್ ಮೇಲೆ. ವರ್ಷಕ್ಕೊಂದು ಕರು ಬೇಕು ಅಂದ್ಕೊಳ್ಳಿ. 365ರಲ್ಲಿ ಗಬ್ಬದ 280 ದಿನ ಕಳೀರಿ. ಉಳೀತು 85. ಅದರಲ್ಲಿ ಗರ್ಭಕೋಶ ಸುಧಾರಿಸೋಕೆ 45ರಿಂದ 60 ದಿನ ಹೋಯ್ತು. ಬೆದೆ ಬರೋದು 21 ದಿನಕ್ಕೊಮ್ಮೆ, ಇರೋದು ಒಂದು ದಿನಕ್ಕಿಂತ ಕಡಿಮೆ. ಅಂದ್ರೆ ಸಿಗೋದು ಒಂದೋ ಎರಡೋ ಅವಕಾಶ. ತಪ್ಪಿದ್ರೆ ಇನ್ನೂ 21 ದಿನ ಹಿಂಡಿ, ಮೇವಿನ ಖರ್ಚು. ಬೇಸಿಗೆಯಲ್ಲಂತೂ ಬೆದೆ ಸರಿಯಾಗಿ ಕಾಣೋದೇ ಇಲ್ಲ.

ಹಸು ಕೂಗ್ತಾ, ಲೋಳೆ ಹಾಕ್ತಾ ಅಂತ ಗಮನಿಸೋರು ಯಾರು? ಹೆಚ್ಚಾಗಿ ಮನೆಯ ಹೆಂಗಸರು. ಬೆಳಗ್ಗೆ ಕಂಡ್ರೆ ಸಂಜೆ ಇಂಜೆಕ್ಷನ್, ಸಂಜೆ ಕಂಡ್ರೆ ಮರುದಿನ ಬೆಳಗ್ಗೆ. ಬಟವಾಡೆ ಚೀಟಿಯಲ್ಲಿ ಲೀಟರ್ ಇರುತ್ತೆ, ಫ್ಯಾಟ್ ಇರುತ್ತೆ. ಈ ಕಣ್ಗಾವಲಿಗೆ ಕಾಲಮ್ಮೇ ಇಲ್ಲ.

(5/5)
ಗಂಡು ಕರುವಿಗೂ ಕಾಲಮ್ ಇಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಆಸ್ತಿಯಾಗಿದ್ದದ್ದು ಖರ್ಚಾಯ್ತು. ಈಗ ಲಿಂಗ ವಿಂಗಡಿಸಿದ ವೀರ್ಯ ಬಂದಿದೆ. ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣು ಕರು. ಐವತ್ತೇ ವರ್ಷದಲ್ಲಿ ಕೊಟ್ಟಿಗೆಯ ಲೆಕ್ಕ ಪೂರ್ತಿ ಉಲ್ಟಾ ಆಗೋಯ್ತು ನೋಡಿ. ಹಾಲು ಬೆಳೀತು, ನಿಜ. ಅದರ ಬೆಲೆ ಕಟ್ಟುವಾಗ ಬೆದೆ ಕಾಯೋರನ್ನೂ, ಹೊರಗೆ ಹೋದ ಗಂಡು ಕರುವನ್ನೂ ಸೇರಿಸಿ ಕೂಡಬೇಕು.

ನಿಮ್ಮ ಕೊಟ್ಟಿಗೆಯಲ್ಲಿ ಕೊನೆಯ ಹಳ್ಳಿಕಾರ್ ಹಸು ಯಾವಾಗಿನವರೆಗೆ ಇತ್ತು? ಅಜ್ಜಿನ ಕೇಳಿ, ಕಾಮೆಂಟಲ್ಲಿ ಹೇಳಿ 🐄

#ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ #ಹಳ್ಳಿಕಾರ್ #ನಮ್ಮೂರ_ಇತಿಹಾಸ