ಉದ್ಯಮದಲ್ಲಿ ನಾವೀನ್ಯ
ಇರುವ ವಸ್ತು, ವಿಧಾನ, ಮಾರುಕಟ್ಟೆಗಳನ್ನು ಹೊಸದಾಗಿ ಜೋಡಿಸಿ ಲಾಭದಾಯಕವಾಗಿಸುವ ಕ್ರಮ. ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ಇದನ್ನು ‘ಹೊಸ ಸಂಯೋಜನೆ’ ಎಂದು ವಿವರಿಸಿದ. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿ ಸೀಮೆಯ ಸುತ್ತಮುತ್ತ ಇದಕ್ಕೆ ಎರಡು ನಿದರ್ಶನಗಳು ಸಿಗುತ್ತವೆ.

ದೂರದ ಶಕ್ತಿ, ಖಚಿತ ಗ್ರಾಹಕ: ಕೆ.ಜಿ.ಎಫ್. ಚಿನ್ನದ ಗಣಿಗಳು ಉಗಿಯಂತ್ರಗಳನ್ನು ನೆಚ್ಚಿದ್ದವು. ಮೈಸೂರಿನ ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ರೂಪುಗೊಂಡು, 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯಲ್ಲಿ ಗಣಿಗೆ ಹರಿಯಿತು. ಕೊಳ್ಳುವವರು ಮೊದಲೇ ಗೊತ್ತಿದ್ದುದೇ ಅದರ ಬಲ.

ಒಂದನ್ನೇ ಬದಲಿಸುವುದು: ಬಂಗಾರಪೇಟೆ ಪಾನಿಪುರಿಯಲ್ಲಿ ಬೇರೆಯಾದದ್ದು ಪಾನಿ. ಅದಕ್ಕೆ ಹಸಿರು ಬಣ್ಣವಿಲ್ಲ. ಕಣ್ಣಿಗೆ ಕುಡಿಯುವ ನೀರಿನಷ್ಟೇ ತಿಳಿ, ನಾಲಿಗೆಗೆ ಚುರುಕು ಖಾರ. ಈಗ ಊರ ಹೆಸರೇ ಬ್ರ್ಯಾಂಡಾಗಿ ಬೆಂಗಳೂರಿನ ಚಾಟ್ ಅಂಗಡಿಗಳ ಫಲಕವೇರಿದೆ.